ಎಕ್ಸ್‌ಚೇಂಜ್ ಮೇಡಂ ಮತ್ತು ನಮ್ಮನೆಯ ಸ್ಪೀಕರ್‌ಗಳು

ಏನಾದರೂ ದೊಡ್ಡ ಸಾಮಾನು ಕೊಳ್ಳಲು ಹೊರಟಾಗ ಜೊತೆಗೆ ಕರೆದುಕೊಂಡು ಹೋಗಲೇಬೇಕಾದ ಒಬ್ಬರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ಅಂಥವರು ಎಕ್ಸ್‌ಚೇಂಜ್ ಮೇಡಂ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿ, ಅಲ್ಲಿಂದಲೇ ನಿವೃತ್ತರಾದವರು. ಅಪ್ಪ ಅಮ್ಮ ಇಟ್ಟ ಚೆಂದದ ಹೆಸರೊಂದು ಅವರಿಗಿತ್ತು. ಅದು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಕಾಣಿಸುತ್ತಿತ್ತು. ಹೋದ ತಿಂಗಳು ಕೆಂಗೇರಿಯಲ್ಲಿ, ತಮ್ಮನ ಮಗಳ ಮನೆಯಲ್ಲಿ, ಅವರು ತೀರಿಕೊಂಡರು. ಸುದ್ದಿ ಬಂದ ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರೆಲ್ಲ ತಂತಮ್ಮ ಗೇಟಿನ ಬಳಿ ನಿಂತು ಹೇಳಿಕೊಂಡದ್ದು ಅವರು ಆರಿಸಿಕೊಟ್ಟ ಸಾಮಾನುಗಳ ಬಗ್ಗೆ.

“ನಮ್ಮನೆ ಫ್ರಿಜ್ ಅವ್ರೇ ಕೊಡ್ಸಿದ್ದು. ಇವತ್ತಿಗೂ ಒಂದು ರಿಪೇರಿ ಬಂದಿಲ್ಲ.”

“ನಮ್ ಗ್ರೈಂಡರೂ ಅಷ್ಟೆ ಕಣ್ರೀ. ನಮ್ಮತ್ತೆ ಕೈಲೂ ಭೇಷ್ ಅನ್ನಿಸ್ಕೊಂಡಿದ್ದು ಅದೊಂದೇ.”

ತೀರಿಹೋದವರನ್ನು ಹೀಗೂ ನೆನೆಯಬಹುದಲ್ಲ ಎಂದು ನನಗೆ ಅನ್ನಿಸಿತು. ನನಗೆ ಅವರು ಕೊಡಿಸಿದ್ದು ಮನೆಯಲ್ಲಿ ಸಿನಿಮಾ ಕೇಳುವ ಒಂದು ಸರೌಂಡ್ ಸೌಂಡ್ ಸಿಸ್ಟಂ. ಅದರ ಕಥೆ ಫ್ರಿಜ್ಜಿನ ಕಥೆಯಷ್ಟು ಚಿಕ್ಕದಲ್ಲ.

ಮೇಡಂ ಎತ್ತರದ ಆಳು. ಸೀರೆಯನ್ನು ಹಿಮ್ಮಡಿಗಿಂತ ಸಾಕಷ್ಟು ಮೇಲಕ್ಕೇ ಉಡುತ್ತಿದ್ದರು. ಬಸ್ಸು ಹತ್ತೋರಿಗೆ ಅದೇ ಸರಿ ಎನ್ನುತ್ತಿದ್ದರು. ಕಾಲಿಗೆ ಗಂಡಸರ ಚಪ್ಪಲಿ. ಬೀದಿಯ ಆ ತುದಿಯಲ್ಲಿ ಅವರು ಸೊಪ್ಪಿನವಳ ಜೊತೆ ಚೌಕಾಸಿಗಿಳಿದರೆ ಈ ತುದಿಯಲ್ಲಿದ್ದ ನಮಗೆ ಇವತ್ತು ಯಾವ ಸೊಪ್ಪು ಬಂದಿದೆ ಎಂದು ತಿಳಿಯುತ್ತಿತ್ತು. ಆದರೆ ಫೋನ್ ಎತ್ತಿಕೊಂಡರೆ ಬೇರೆಯೇ ಹೆಂಗಸು. ದನಿ ತಗ್ಗಿ, ಒಂದೊಂದು ಅಕ್ಷರವೂ ಬಿಡಿಯಾಗಿ, ಪಕ್ಕದಲ್ಲೇ ಕೂತು ಕೈಹಿಡಿದು ಮಾತಾಡಿದ ಹಾಗೆ. ಮೊದಲ ಸಲ ಅವರು ಫೋನ್ ಮಾಡಿದಾಗ ನಾನು ರಾಂಗ್ ನಂಬರ್ ಎಂದುಕೊಂಡು ಇಟ್ಟುಬಿಟ್ಟಿದ್ದೆ.

ಅವರ ಎಡಗಿವಿ ಪೂರ್ತಿ ಹೋಗಿತ್ತು. ಚಿಕ್ಕಂದಿನಲ್ಲಿ ಸೋರುತ್ತಿದ್ದ ಕಿವಿಯೋ, ನೌಕರಿಯುದ್ದಕ್ಕೂ ಹಾಕಿಕೊಂಡ ಹೆಡ್‌ಫೋನೋ, ಕಾರಣ ಡಾಕ್ಟರಿಗೂ ಗೊತ್ತಿರಲಿಲ್ಲ. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ. ಹೊಸಬರು ಯಾರೇ ಸಿಕ್ಕರೂ, “ಈ ಕಡೆ ಬನ್ನಿ, ಆ ಕಡೆ ಅಂಗಡಿ ಮುಚ್ಚಿದೆ,” ಎಂದು ಬಲಕ್ಕೆ ಎಳೆದುಕೊಳ್ಳುತ್ತಿದ್ದರು. ಅದರಿಂದ ಒಂದು ಅನುಕೂಲವೂ ಇತ್ತು. ಯಾರಾದರೂ ಸೊಸೆಯನ್ನು ಬೈಯಲು ಶುರುಮಾಡಿದರೆ, ಅಥವಾ ತಮ್ಮ ಸೈಟಿನ ರೇಟು ಹೇಳಲು ಹೊರಟರೆ, ಮೇಡಂ ನಡೆಯುತ್ತಾ ನಡೆಯುತ್ತಾ ಅವರನ್ನು ಮೆಲ್ಲಗೆ ಎಡಗಡೆಗೆ ಮಾಡಿಕೊಂಡುಬಿಡುತ್ತಿದ್ದರು. ಪಾಪ, ಅವರು ಹೇಳುತ್ತಲೇ ಇರುತ್ತಿದ್ದರು. ಮೇಡಂ ಆಗಾಗ ಸುಮ್ಮನೆ ತಲೆಯಾಡಿಸುತ್ತಿದ್ದರು.

ಅಂಗಡಿಗೆ ಅವರು ಬರುತ್ತಿದ್ದ ರೀತಿಯೇ ಬೇರೆ. ಮಿಕ್ಸಿ ಕೊಳ್ಳಲು ಹೋದರೆ ಡಬ್ಬಿಯಲ್ಲಿ ನೆನೆಸಿದ ಉದ್ದಿನಬೇಳೆ ತರುತ್ತಿದ್ದರು. “ಖಾಲಿ ಜಾರು ತಿರುಗೋದು ಯಾವನಿಗೆ ಬೇಕು? ಇದನ್ನ ರುಬ್ಬಿ ತೋರ್ಸು.” ಎದುರು ಮನೆಯವರು ಹಾಸಿಗೆ ಕೊಳ್ಳುವಾಗ ಬಸವೇಶ್ವರನಗರದ ಅಂಗಡಿಯಲ್ಲಿ ಚಪ್ಪಲಿ ಕಳಚಿಟ್ಟು ಹಾಸಿಗೆಯ ಮೇಲೆ ಮಲಗಿ, ಸೆರಗು ಹೊದ್ದು, ನಿಜಕ್ಕೂ ನಿದ್ದೆ ಹೋಗಿದ್ದರಂತೆ. ಎಬ್ಬಿಸಲು ಹೋದ ಮಾಲೀಕನಿಗೆ, “ಇನ್ನೂ ಗೊತ್ತಾಗ್ತಾ ಇಲ್ಲ, ತಾಳಿ,” ಎಂದರಂತೆ. ಸಾಮಾನು ಕೊಂಡ ಮೇಲೆ ಅವರಿಗೊಂದು ಮಸಾಲೆ ದೋಸೆ ಕೊಡಿಸಬೇಕು. ಅದು ಫೀಸು. ದೋಸೆ ಬೇಡ, ಮನೆಗೆ ಬನ್ನಿ ಊಟ ಹಾಕ್ತೀವಿ ಅಂದರೆ ಒಪ್ಪುತ್ತಿರಲಿಲ್ಲ.

ಅವರದು ಎಲ್ಲವೂ ಸರಿ ಎಂದಲ್ಲ. ಹೇಳಿದ ಹೊತ್ತಿಗೆ ಬಂದವರೇ ಅಲ್ಲ. ಗೇಟಿಗೆ ಅಡ್ಡ ಕಾರು ನಿಲ್ಲಿಸಿದರೆಂದು ಪಕ್ಕದ ಮನೆಯವರ ಜೊತೆ ವರ್ಷಗಟ್ಟಲೆ ಮಾತು ಬಿಟ್ಟಿದ್ದರು; ಆ ಮನೆಯ ಮದುವೆಗೆ ಬೀದಿಯೆಲ್ಲ ಹೋದರೂ ಇವರು ಮಾತ್ರ ತಾರಸಿಯ ಮೇಲೆ ಹಪ್ಪಳ ಒಣಗಿಸುತ್ತಾ ಕೂತಿದ್ದರು. ಅವರ ಮನೆಯ ಕಾಫಿ ಬರೀ ನೀರು. ತಪ್ಪು ಒಪ್ಪಿಕೊಂಡದ್ದನ್ನಂತೂ ನಾನು ನೋಡಿಲ್ಲ. ಅವರು ಆರಿಸಿಕೊಟ್ಟ ಇಸ್ತ್ರಿಪೆಟ್ಟಿಗೆಯೊಂದು ವಾರದೊಳಗೆ ಸುಟ್ಟುಹೋದಾಗ, “ಈ ಏರಿಯಾದ ಕರೆಂಟೇ ಸರಿಯಿಲ್ಲ ಬಿಡಿ,” ಎಂದುಬಿಟ್ಟರು.

ಎಕ್ಸ್‌ಚೇಂಜಿನ ಕಥೆಗಳನ್ನು ಹೆಚ್ಚಾಗಿ ಹೇಳುತ್ತಿರಲಿಲ್ಲ. ಒಂದನ್ನು ಮಾತ್ರ ನನಗೆ ಹೇಳಿದ್ದರು. ಟ್ರಂಕ್ ಕಾಲ್‌ಗಳ ಕಾಲ. ಒಬ್ಬಾತ ಊರಿನ ಅಂಗಡಿಯೊಂದಕ್ಕೆ ಕಾಲ್ ಬುಕ್ ಮಾಡಿ, ಅಮ್ಮನನ್ನು ಕರೆಸಿದ್ದ. ಆಸ್ಪತ್ರೆಯಲ್ಲಿ ಅಪ್ಪ ಹೋದ ಸುದ್ದಿ ಹೇಳಬೇಕಿತ್ತು. ಅಮ್ಮ ಫೋನಿಗೆ ಬಂದರೂ ಅವನ ಬಾಯಿಂದ ಮಾತೇ ಹೊರಡಲಿಲ್ಲ. ಆ ಕಡೆ ಆಕೆ ‘ಹಲೋ, ಹಲೋ, ಮಗಾ’ ಎನ್ನುತ್ತಿದ್ದಾಳೆ, ಈ ಕಡೆ ಬರೀ ಉಸಿರು. ಒಂದು ಕಾಲ್‌ಗೆ ಇದ್ದ ಮೂರು ನಿಮಿಷ ಮುಗಿಯಿತು. “ಕಟ್ ಮಾಡೋಕೆ ಕೈ ಬರ್ಲಿಲ್ಲ ಕಣಮ್ಮ. ಸೂಪರ್‌ವೈಸರ್ ಬಂದು ಹಿಂದೆ ನಿಂತ್ರು. ಲೈನ್ ಚೆಕ್ ಮಾಡ್ತಿದೀನಿ ಸಾರ್ ಅಂದೆ. ಅವನು ಹೇಳೋ ತನಕ ಚೆಕ್ ಮಾಡ್ತಾನೇ ಇದ್ದೆ.” ಇಷ್ಟು ಹೇಳಿ ಅವರು ಎದ್ದು ಹಪ್ಪಳ ತಿರುವಿ ಹಾಕಲು ಹೋದರು.

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ನನ್ನ ಗಂಡ ಪೀಣ್ಯದ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಟರ್ ಆಗಿದ್ದವರು. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಸರಿಯಿದ್ದರೆ ಮುಂದೆ ಕಳಿಸಿ, ಇಲ್ಲದಿದ್ದರೆ ಪಕ್ಕಕ್ಕೆಸೆಯುವುದು ಅವರ ಕೆಲಸ. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಹಬ್ಬಿತು. ಎರಡು ಆಪರೇಷನ್ ಆದವು. ಒಂದು ಕಣ್ಣು ಹೋಯಿತು, ಮಾರನೆಯ ವರ್ಷ ಇನ್ನೊಂದೂ ಹೋಯಿತು. ಐವತ್ತೈದು ತುಂಬುವ ಮೊದಲೇ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಮಗಳು ಮದುವೆಯಾಗಿ ತುಮಕೂರಿನಲ್ಲಿದ್ದಾಳೆ. ನಾನು ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ನಾನು ಹೊರಡುವಾಗ ಇವರು ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಸಂಜೆ ಬಂದಾಗಲೂ ಹಾಗೆಯೇ ಕೂತಿರುತ್ತಿದ್ದರು.

ಇವರಿಗೆ ಸಿನಿಮಾ ಎಂದರೆ ಪ್ರಾಣವಾಗಿತ್ತು. ಮದುವೆಯಾದ ಹೊಸದರಲ್ಲಿ ಮಾಗಡಿ ರಸ್ತೆಯ ಟಾಕೀಸುಗಳಲ್ಲಿ ನಾವು ನೋಡದ ಚಿತ್ರವಿಲ್ಲ. ಕಣ್ಣು ಹೋದ ಮೇಲೆ ಒಂದೆರಡು ಸಲ ಟಿವಿ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, “ಪಕ್ಕದ ಮನೇಲಿ ಯಾರೋ ಜಗಳ ಆಡಿದ ಹಾಗಿದೆ. ಆರ್ಸು,” ಎಂದರು. ನಮ್ಮ ಟಿವಿಯ ಸದ್ದು ಹಾಗೇ ಇತ್ತು. ಗೋಡೆಗೆ ತಗುಲಿಹಾಕಿದ ತೆಳ್ಳನೆಯ ಟಿವಿ. ಅದರ ಸ್ಪೀಕರ್ ಹಿಂಬದಿಯಲ್ಲಿ, ಗೋಡೆಗೆ ಮಾತಾಡುತ್ತಿತ್ತು. ಕಣ್ಣಿದ್ದವರಿಗೆ ತುಟಿ ಕಾಣುವುದರಿಂದ ಅರ್ಧ ಮಾತು ಹೇಗೋ ತಿಳಿಯುತ್ತದೆ. ಇವರಿಗೆ ಅದೂ ಇಲ್ಲ.

ಒಳ್ಳೆಯ ಸೌಂಡ್ ಇದ್ದರೆ ಇವರು ಸಿನಿಮಾ ಕೇಳಬಹುದೇನೋ ಎಂಬ ಆಸೆ ನನಗೆ ಹುಟ್ಟಿದ್ದು ಆಗ. ಔಷಧಿ, ಮನೆ ಬಾಡಿಗೆ ಎಲ್ಲ ಕಳೆದು ನನ್ನ ಕೈಯಲ್ಲಿ ಉಳಿಯುತ್ತಿದ್ದುದು ಸ್ವಲ್ಪವೇ. ಜಾಹೀರಾತಿನಲ್ಲಿ ಒಂದು ಪೆಟ್ಟಿಗೆ ನೋಡಿದೆ. ಐದು ಸ್ಪೀಕರ್, ದಪ್ಪ ಸದ್ದಿಗೆ ಒಂದು ದೊಡ್ಡ ವೂಫರ್, ಸಾವಿರ ವ್ಯಾಟ್, ಎಲ್ಲ ಸೇರಿ ನನ್ನ ಕೈಗೆಟುಕುವ ಬೆಲೆ. ಮೇಡಂ ಮನೆಗೆ ಹೋಗಿ ಹೇಳಿದೆ.

ಅವರು ಬೆಲೆ ಕೇಳಲಿಲ್ಲ. “ಮೊದಲು ನಿಮ್ಮ ಹಾಲ್ ತೋರ್ಸು,” ಎಂದರು.

ಬಂದವರು ಹಾಲ್‌ನ ನಡುವೆ ನಿಂತು ಚಪ್ಪಾಳೆ ಹೊಡೆದರು. ಒಳಗಿನ ಕೋಣೆಯಲ್ಲಿದ್ದ ಇವರು ಬೆಚ್ಚಿಬಿದ್ದು, “ಯಾರದು?” ಎಂದು ಕೂಗಿದರು. ಮೇಡಂ ಮತ್ತೊಮ್ಮೆ ಹೊಡೆದರು. ಚಪ್ಪಾಳೆಯ ಹಿಂದೆಯೇ ‘ಟಣ್’ ಎಂಬ ಸದ್ದು ಗೋಡೆಯಿಂದ ಗೋಡೆಗೆ ಓಡಿತು.

“ಕೇಳ್ಸ್ತಾ? ಇದು ಹಾಲ್ ಅಲ್ಲ ಕಣಮ್ಮ, ಬಚ್ಚಲುಮನೆ. ಬರೀ ಟೈಲ್ಸು, ಬರೀ ಗೋಡೆ. ಇಲ್ಲಿ ಎಂಥ ಸ್ಪೀಕರ್ ಇಟ್ರೂ ಮಾತು ಕಲಸಿಹೋಗುತ್ತೆ. ಜಮಖಾನ ಇದ್ಯಾ ಮನೇಲಿ?”

“ಇದೆ, ಅಟ್ಟದ ಮೇಲೆ.”

“ಕೆಳಗಿಳ್ಸು. ದಪ್ಪ ಕರ್ಟನ್ ಹಾಕು. ಹಿಂದಿನ ಗೋಡೆಗೆ ಪುಸ್ತಕದ ಬೀರು ತಳ್ಳು. ಖರ್ಚಿಲ್ಲದೆ ಅರ್ಧ ಕೆಲಸ ಆಯ್ತು. ಮಿಕ್ಕಿದ್ದಕ್ಕೆ ಶನಿವಾರ ಹೋಗೋಣ.”

ಶನಿವಾರ ನಾವಿಬ್ಬರೂ ವಿಜಯನಗರದ ದೊಡ್ಡ ಶೋರೂಮಿಗೆ ಹೋದೆವು. ಮೇಡಂ ಎಂದಿನಂತೆ ತಡವಾಗಿಯೇ ಬಂದರು. ಅಲ್ಲಿ ನಾನು ಹೇಳಿದ ಪೆಟ್ಟಿಗೆಯನ್ನೇ ಹಾಕಿ ತೋರಿಸಿದರು. ಹೆಲಿಕಾಪ್ಟರ್ ಬಂತು, ಕಟ್ಟಡ ಕುಸಿಯಿತು, ನನ್ನ ಎದೆ ಗುಡುಗುಡು ಎಂದಿತು. ನಿಜ ಹೇಳಬೇಕೆಂದರೆ ನಾನು ಮರುಳಾಗಿದ್ದೆ. ಮೇಡಂ ಕುರ್ಚಿ ಎಳೆದುಕೊಂಡು, ಬಲಗಿವಿಯನ್ನು ಮುಂದೆ ಮಾಡಿ ಕೂತರು.

“ನ್ಯೂಸ್ ಹಾಕಪ್ಪ.”

ಸೇಲ್ಸ್‌ನವನು ತಬ್ಬಿಬ್ಬಾದ. “ಮೇಡಂ, ಇದು ಹೋಮ್ ಥಿಯೇಟರು. ಆ್ಯಕ್ಷನ್ ಸೀನ್ ಇನ್ನೊಂದಿದೆ, ನೋಡಿ.”

“ಹೆಲಿಕಾಪ್ಟರ್ ನಮ್ಮನೆಗೆ ದಿನಾ ಬರಲ್ಲ. ನ್ಯೂಸ್ ಹಾಕು. ವಾಲ್ಯೂಮ್ ಕಮ್ಮಿ ಮಾಡು. ಇನ್ನೂ ಕಮ್ಮಿ.”

ಸುದ್ದಿ ಓದುವ ಹೆಣ್ಣುಮಗಳ ದನಿ ಡ್ರಮ್ಮಿನೊಳಗಿಂದ ಬಂದ ಹಾಗಿತ್ತು. ಸ, ಷ, ಶ ಎಲ್ಲವೂ ಒಂದೇ. ಮೇಡಂ ಎದ್ದು, ಆತನಿಗೆ ಥ್ಯಾಂಕ್ಸ್ ಹೇಳಿ, ನನ್ನನ್ನು ಹೊರಗೆ ಕರೆತಂದರು. “ಗುಡುಗಿಗೆ ದುಡ್ಡು ಕೊಡ್ಬೇಡ ಕಣಮ್ಮ, ಮಾತಿಗೆ ಕೊಡು. ಸಿನಿಮಾದಲ್ಲಿ ಮಾತೆಲ್ಲ ಬರೋದು ಟಿವಿ ಕೆಳಗಿಡೋ ನಡುವಿನ ಸ್ಪೀಕರಿಂದ. ಅದು ಚೆನ್ನಾಗಿರ್ಬೇಕು. ಅದರ ಅಕ್ಕಪಕ್ಕ ಎರಡು. ಐದು ಸ್ಪೀಕರ್ ಎಳೆಯೋ ಆಂಪ್ಲಿಫೈಯರ್ ಈಗಲೇ ತಗೋ, ಹಿಂದಿನ ಎರಡು ಸ್ಪೀಕರ್ ಆಮೇಲೆ ಕೈಲಾದಾಗ. ಐದೂ ಒಟ್ಟಿಗೆ ಅಗ್ಗಕ್ಕೆ ತಗೊಂಡ್ರೆ ಐದೂ ದಂಡ.”

ಹೀಗೆ ಹೇಳಿ ನಾಲ್ಕು ಹೆಜ್ಜೆ ನಡೆದವರು ನಿಂತರು. “ಆದ್ರೆ ಒಂದು ತೊಂದರೆ ಇದೆ. ಮಾತು ಸ್ಪಷ್ಟವಾಗಿದ್ಯಾ ಅಂತ ನಾನು ಹೇಳಬಲ್ಲೆ. ಸದ್ದು ಯಾವ ಕಡೆಯಿಂದ ಬಂತು ಅಂತ ಹೇಳೋಕೆ ಎರಡು ಕಿವಿ ಬೇಕು. ನಿಮ್ಮ ಯಜಮಾನ್ರು ಬರ್ಬೇಕು.”

ನಾನು ನಕ್ಕುಬಿಟ್ಟೆ. “ಅವ್ರು ಆಸ್ಪತ್ರೆಗೆ ಬಿಟ್ರೆ ಎಲ್ಲಿಗೂ ಬರಲ್ಲ ಮೇಡಂ. ಗೇಟಿನ ಹತ್ರಾನೂ ಬರಲ್ಲ.”

“ಕೇಳೋರು ಅವರು. ನಾವಿಬ್ರೂ ಹೋಗಿ ಆರ್ಸಿ ತಂದ್ರೆ ಹ್ಯಾಗೆ?”

ಅದೇ ಸಂಜೆ ಅವರು ಮನೆಗೆ ಬಂದರು. ಇವರ ಕೋಣೆಯ ಬಾಗಿಲಲ್ಲಿ ನಿಂತು ನೇರವಾಗಿ ವಿಷಯ ಹೇಳಿದರು. ಇವರು ಗೋಡೆಯ ಕಡೆಯಿಂದ ಮುಖ ತಿರುಗಿಸಲಿಲ್ಲ.

“ನನ್ನ ಯಾಕೆ ಎಳೀತೀರ ಮೇಡಂ? ಕುರುಡನ್ನ ಅಂಗಡೀಲಿ ಕೂರಿಸಿ ತಮಾಷೆ ನೋಡೋಕಾ?”

ಮೇಡಂ ಚಪ್ಪಲಿಯಿಲ್ಲದ ಕಾಲಲ್ಲಿ ಸದ್ದಾಗದಂತೆ ಕೋಣೆಯೊಳಗೆ ನಡೆದರು.

“ನಾನೀಗ ಎಲ್ಲಿದೀನಿ ಸಾರ್?”

ಇವರು, “ಕಿಟಕಿ ಹತ್ರ,” ಎಂದರು.

ಮತ್ತೆ ನಡೆದರು. “ಈಗ?”

“ಬೀರು ಪಕ್ಕ. ಬಗ್ಗಿದೀರ.”

ಅವರು ನಿಜಕ್ಕೂ ಬಗ್ಗಿದ್ದರು. ಎದ್ದು ನಿಂತು ಸೊಂಟ ಹಿಡಿದುಕೊಂಡು ಹೇಳಿದರು. “ನೋಡಿ, ಇದು ನಂಗೆ ಆಗಲ್ಲ. ನೀವು ಎಲ್ಲಿಂದ ಕೂಗಿದ್ರೂ ನಂಗೆ ಬಲಗಡೆಯಿಂದ್ಲೇ ಕೇಳ್ಸೋದು. ರೋಡ್ ದಾಟೋವಾಗ ಹಾರ್ನ್ ಯಾವ ಕಡೆ ಅಂತ ಗೊತ್ತಾಗ್ದೆ ಎಷ್ಟು ಆಟೋದವರ ಕೈಲಿ ಬೈಸ್ಕೊಂಡಿದೀನೋ. ಒಂದು ಕಿವಿ ಇರೋಳು ಹೋಗಿ ನಾಲ್ಕು ದಿಕ್ಕಿನ ಸದ್ದು ಆರ್ಸಿದ್ರೆ ಅದು ತಮಾಷೆ. ನೀವು ಬಂದ್ರೆ ಅಲ್ಲ.”

ಇವರ ಹೆಗಲು ಅಲುಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ನಗುತ್ತಿದ್ದರು. ಕಣ್ಣು ಹೋದಮೇಲೆ ಈ ಮನೆಯಲ್ಲಿ ಇವರ ನಗು ನಾನು ಕೇಳಿರಲಿಲ್ಲ.

ಆದರೂ ಬರುತ್ತೇನೆ ಎನ್ನಲಿಲ್ಲ. ಮೇಡಂ ಕೂಡ ಒತ್ತಾಯಿಸದೆ ಹೊರಟುಹೋದರು. ಮುಂದಿನ ಶನಿವಾರ ನಾನು ಸ್ನಾನ ಮುಗಿಸಿ ಬಂದಾಗ ಇವರು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದರು. “ಶೇವಿಂಗ್ ಸೆಟ್ ಎಲ್ಲಿಟ್ಟಿದೀಯ?” ಎಂದು ಕೇಳಿದರು.

ರಾಜಾಜಿನಗರದ ಒಳರಸ್ತೆಯಲ್ಲಿ ಮೇಡಂ ಹುಡುಕಿಟ್ಟಿದ್ದ ಒಂದು ಹಳೆಯ ಅಂಗಡಿ. ಆಟೋದಲ್ಲಿ ಇವರು ನನ್ನ ಕೈಯನ್ನು ಬೆರಳು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿದ್ದರು. ಅಂಗಡಿಯಲ್ಲಿ ಇದ್ದದ್ದು ಹಾವೇರಿ ಕಡೆಯ ಒಬ್ಬ ಹೆಣ್ಣುಮಗಳು; ಗಂಡನ ಕೆಲಸಕ್ಕೆಂದು ಊರು ಬಿಟ್ಟು ಬಂದು ಇಲ್ಲಿ ಸೇಲ್ಸಿಗೆ ಸೇರಿದ್ದಳು. ಇವರನ್ನು ನೋಡಿದವಳೇ ಪಕ್ಕಕ್ಕೆ ಬಂದು ಸಹಜವಾಗಿ ಮಾತಾಡಿದಳು.

“ಬರ್ರಿ ಸರ, ಎರಡ್ ಹೆಜ್ಜಿ ಮುಂದ ಸೋಫಾ ಐತಿ. ಕುಂದರ್ರಿ. ಏನ್ ಹಚ್ಚಲ್ರಿ?”

“ನ್ಯೂಸ್ ಹಚ್ಚು,” ಎಂದರು ಮೇಡಂ, ಅವಳದೇ ಮಾತಿನಲ್ಲಿ.

ಮೊದಲು ಮೂರು ಸ್ಪೀಕರ್. ಮೇಡಂ ತಮ್ಮ ಪಾಲಿನ ಪರೀಕ್ಷೆ ಮಾಡಿದರು. ಸುದ್ದಿ ಕೇಳುತ್ತಾ, ಓದುವವಳಿಗೆ ನೆಗಡಿಯಾಗಿದೆ ಎಂದರು. ಅಷ್ಟು ಸ್ಪಷ್ಟವಾಗಿತ್ತು. ಅಂಗಡಿಯವಳು ಹಿಂದಿನ ಎರಡು ಸ್ಪೀಕರನ್ನೂ ಸೇರಿಸಿ ಒಂದು ಸಿನಿಮಾ ಹಾಕಿದಳು. ಸಂತೆಬೀದಿಯ ದೃಶ್ಯ. ಇವರು ಕತ್ತು ಬಗ್ಗಿಸಿ ಕೂತಿದ್ದವರು ನಿಧಾನಕ್ಕೆ ತಲೆ ಎತ್ತಿದರು. ಬಲಗಡೆ ಯಾರೋ ಬಳೆ ಮಾರುತ್ತಿದ್ದರು, ಇವರ ಮುಖ ಬಲಕ್ಕೆ ಹೋಯಿತು. ಹಿಂದಿನಿಂದ ಒಂದು ಬಸ್ಸು ಹಾರ್ನ್ ಹೊಡೆಯಿತು, ಇವರು ತಟ್ಟನೆ ಕಾಲು ಮಡಿಸಿಕೊಂಡರು, ನಿಜವಾಗಿ ಬಸ್ಸು ಬಂದ ಹಾಗೆ. ನಾನು ಬಸ್ಸನ್ನು ನೋಡಲಿಲ್ಲ. ಇವರನ್ನೇ ನೋಡುತ್ತಿದ್ದೆ. ಗೋಡೆ ಒಂದೇ ಇದ್ದ ಕಡೆ ಇವರಿಗೊಂದು ಬೀದಿ ತೆರೆದುಕೊಂಡಿತ್ತು.

ಆಮೇಲೆ ಇವರು ಹುಬ್ಬು ಗಂಟಿಕ್ಕಿದರು. “ಹಿಂದೆ ಎಡಗಡೆ ಸತ್ತಿದೆ.”

“ಇಲ್ರಿ ಸರ, ಎಲ್ಲಾ ನಡ್ಯಾಕತ್ತಾವು.”

“ಬಸ್ಸು ಬಲಗಡೆಯಿಂದ ಬಂತು. ಹಿಂದೆ ದಾಟ್ತಾ ಮಾಯ ಆಯ್ತು. ಮತ್ತೆ ಮುಂದೆ ಎಡಗಡೆ ಬಂತು. ನಡುವೆ ಎಲ್ಲಿ ಹೋಗಿತ್ತು ಅದು?”

ಅವಳು ಹೋಗಿ ಹಿಂದಿನ ಸ್ಪೀಕರ್ ತಡವಿದಳು. “ಹೌದ್ರೀ ಸರ, ವೈರ್ ಬಿಚ್ಚೇತಿ,” ಎಂದು ಸಿಕ್ಕಿಸಿದಳು. ಮತ್ತೆ ಹಾಕಿದಾಗ ಇವರು, “ಹಾಂ, ಈಗ ಪಾಸ್,” ಎಂದರು. ಆ ‘ಪಾಸ್’ ಕಾರ್ಖಾನೆಯ ಪಾಸ್. ಆ ದನಿಯಲ್ಲಿ ಇವರು ಮಾತಾಡಿ ಯಾವ ಕಾಲವಾಗಿತ್ತೋ.

ಅಲ್ಲಿಂದ ಮುಂದೆ ಇವರು ಮತ್ತು ಮೇಡಂ ಇಬ್ಬರೇ ಮಾತಾಡಿಕೊಂಡರು, ನನ್ನನ್ನು ಕೇಳಿದವರಿಲ್ಲ. ಅಂಗಡಿಯಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ, ಪೆಟ್ಟಿಗೆ ಕಳೆದುಹೋಗಿದ್ದ ಒಂದು ಆಂಪ್ಲಿಫೈಯರ್ ಅಗ್ಗಕ್ಕೆ ಸಿಕ್ಕಿತು. ಗ್ಯಾರಂಟಿ ಪೂರ್ತಿ ಇದೆ ಎಂದು ಬರೆಸಿಕೊಂಡರು. ಮುಂದಿನ ಮೂರು ಸ್ಪೀಕರ್ ಒಳ್ಳೆಯವು. ವೂಫರ್ ಚಿಕ್ಕದು ಸಾಕು ಎಂದು ಮೇಡಂ, ದೊಡ್ಡದಿರಲಿ ಎಂದು ಇವರು. “ಮೇಲಿನ ಮನೆ ಮಗು ಮಲಗ್ಬೇಕಾ ಬೇಡ್ವಾ?” ಎಂದು ಮೇಡಂ ಗದರಿದ ಮೇಲೆ ಚಿಕ್ಕದೇ ಆಯಿತು. ನಾನು ಅಂದುಕೊಂಡಿದ್ದ ಹಣದೊಳಗೇ ಎಲ್ಲ ಮುಗಿಯಿತು. ಮೂವರೂ ಹೋಗಿ ದೋಸೆ ತಿಂದೆವು. ಇವರು ಚಟ್ನಿಗಾಗಿ ಟೇಬಲ್ ಮೇಲೆ ಕೈಯಾಡಿಸಿದಾಗ ಮೇಡಂ ಬಟ್ಟಲನ್ನು ಹತ್ತಿರ ತಳ್ಳಲಿಲ್ಲ. “ಎಡಗಡೆ, ಲೋಟದ ಆಚೆ,” ಎಂದಷ್ಟೇ ಹೇಳಿದರು. ಇವರೇ ತೆಗೆದುಕೊಂಡರು.

ಮನೆಯಲ್ಲಿ ಜೋಡಿಸಲು ಅಂಗಡಿಯಿಂದ ಜನ ಬರುತ್ತಾರೆ ಎಂದರೆ ಇವರು ಬೇಡ ಎಂದರು. ನೆಲದ ಮೇಲೆ ಕೂತು ಒಂದೊಂದು ವೈರನ್ನೂ ಬೆರಳಲ್ಲಿ ಸವರಿ, ಯಾವುದರ ಮೇಲೆ ಗುರುತಿನ ಗೀರು ಇದೆ, ಯಾವುದರ ಮೇಲಿಲ್ಲ ಎಂದು ನೋಡಿ, ತಾವೇ ಸಿಕ್ಕಿಸಿದರು. ಸೋಫಾದಿಂದ ಸ್ಪೀಕರಿಗೆ ಮೊಳ ಹಾಕಿ ಅಳೆದರು. ಎಡದ್ದು ದೂರವಾಯಿತು ಎಂದು ಎಳೆದರು, ಹತ್ತಿರವಾಯಿತು ಎಂದು ತಳ್ಳಿದರು. ನಾನು ಜಮಖಾನ ಹಾಸಿ, ಕರ್ಟನ್ ಕಟ್ಟಿದೆ. ಅಂದು ಊಟ ತಡವಾಯಿತೆಂದು ಇವರು ನೆನಪಿಸಲೇ ಇಲ್ಲ. ದೀಪಾವಳಿಗೆ ಹಿಂದಿನ ಎರಡು ಸ್ಪೀಕರ್ ಬಂದವು.

ಅಲ್ಲಿಂದ ಶುರುವಾದದ್ದು ಭಾನುವಾರ ಮಧ್ಯಾಹ್ನದ ಸಿನಿಮಾಗಳು. ಊಟ ಮುಗಿಸಿ ಮೇಡಂ ಬರುತ್ತಿದ್ದರು. ಸೋಫಾದ ಎಡತುದಿಯಲ್ಲಿ ಅವರು, ಅವರ ಬಲಗಿವಿಯ ಪಕ್ಕ ಇವರು. ತೆರೆಯ ಮೇಲೆ ಕಾಣುವುದನ್ನು ಅವರು ಹೇಳುತ್ತಿದ್ದರು, ಸದ್ದು ಬರುವ ದಿಕ್ಕನ್ನು ಇವರು ಹೇಳುತ್ತಿದ್ದರು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ನಾನು ಕೇಳುತ್ತಿದ್ದೆ.

“ಹೀರೋ ಬಂದ. ಏನ್ ಶರ್ಟ್ ಅಂತೀರ, ನಮ್ಮನೆ ಸೋಫಾ ಕವರ್. ಕನ್ನಡಕ ತೆಗೆದ. ಮತ್ತೆ ಹಾಕ್ಕೊಂಡ. ಯಾಕೋ ಗೊತ್ತಿಲ್ಲ.”

“ಹಿಂದೆ ಬಾಗಿಲು ತೆಗೆದ್ರು ಮೇಡಂ.”

“ಹೌದಾ? ಇನ್ನೂ ತೋರ್ಸಿಲ್ಲ. ಯಾವ ಕಡೆ?”

“ಬಲಗಡೆ. ಹೆಂಗಸು. ಕಾಲ್ಗೆಜ್ಜೆ ಇದೆ.”

“ಹೌದಪ್ಪಾ, ಬಂದ್ಳು! ನಿಮಗೆ ಮೊದ್ಲೇ ಗೊತ್ತಾಯ್ತಲ್ಲ.”

ಮೇಡಂ ಹೇಳುವ ಕ್ರಮವೇ ಚೆಂದ. ಅವಸರವಿಲ್ಲ. ಪಾತ್ರ ಮಾತಾಡುವಾಗ ಬಾಯಿ ಮುಚ್ಚಿಕೊಳ್ಳುತ್ತಿದ್ದರು, ಮಾತು ನಿಂತ ತಕ್ಷಣ ಬೇಕಾದಷ್ಟನ್ನೇ ಹೇಳುತ್ತಿದ್ದರು. ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ಕೂಗುವವರು ಸೋಫಾದ ಮೇಲೆ ಕೂತರೆ ಫೋನಿನ ದನಿಗೆ ಇಳಿಯುತ್ತಿದ್ದರು. ಒಂದು ಸಲ ತುಂಬ ಹೊತ್ತು ಅವರ ದನಿ ಕೇಳಿಸಲಿಲ್ಲ.

“ಏನಾಯ್ತು ಮೇಡಂ?” ಎಂದರು ಇವರು.

“ಏನಿಲ್ಲ. ಗಂಡ ಹೋಗಿದಾನೆ. ಅವಳು ಸುಮ್ನೆ ಕೂತಿದಾಳೆ. ಅವನ ಊಟದ ತಟ್ಟೆ ಒರೆಸ್ತಾ ಇದಾಳೆ.” ಮತ್ತೆ, “ಒರೆಸಿದ್ದನ್ನೇ ಒರೆಸ್ತಾ ಇದಾಳೆ,” ಎಂದರು.

ಮೇಡಂ ಯಜಮಾನರು ನಾವು ಈ ಬೀದಿಗೆ ಬರುವ ಮುಂಚೆಯೇ ತೀರಿಹೋಗಿದ್ದರು. ಮಕ್ಕಳಿರಲಿಲ್ಲ. ಅದರ ಬಗ್ಗೆ ಅವರು ಒಂದು ಮಾತೂ ಆಡಿದ್ದಿಲ್ಲ.

ಇವರು ಬದಲಾದದ್ದು ಒಂದೇ ದಿನಕ್ಕಲ್ಲ. ಮೊದಲು ಗೇಟಿನವರೆಗೆ ಬಂದರು. ಆಮೇಲೆ ಬಿಳಿ ಕೋಲು ಹಿಡಿದು ಮೂಲೆಯ ಅಂಗಡಿಗೆ ಹಾಲು ತರಲು ಹೋದರು. ಒಂದು ದಿನ ಕಾಮಾಕ್ಷಿಪಾಳ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವ ಹಳೆಯ ಸಹೋದ್ಯೋಗಿಗೆ ತಾವೇ ಫೋನ್ ಮಾಡಿ, ಬಸ್ಸು ಹತ್ತಿ ಹೋಗಿ ಬಂದರು. ಅಂದು ಬಂದಾಗ ಅಂಗಿಗೆ ಆಯಿಲ್ ಮೆತ್ತಿತ್ತು. ನಾನು ಆ ಅಂಗಿಯನ್ನು ಬೈಯದೆ ಒಗೆದೆ.

ಹೋದ ವರ್ಷ ಮೇಡಂ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತಮ್ಮನ ಮಗಳು ಬಂದು ಕೆಂಗೇರಿಗೆ ಕರೆದುಕೊಂಡು ಹೋದಳು. ಭಾನುವಾರದ ಸಿನಿಮಾ ನಿಂತಿತು. ನಾವಿಬ್ಬರೂ ಮೆಟ್ರೋದಲ್ಲಿ ಅವರನ್ನು ನೋಡಿ ಬರುತ್ತಿದ್ದೆವು. ಕೊನೆಯ ಸಲ ಹೋದಾಗ ಬಲಗಿವಿಯೂ ಮಂದವಾಗಿತ್ತು. ಮಂಚದ ಬಲಗಡೆ ಇವರು ಕೂತು, ಬಗ್ಗಿ, ಕಿವಿಯ ಹತ್ತಿರವೇ ಮಾತಾಡಿದರು. ಮೇಡಂ ತೆಳ್ಳಗಾಗಿದ್ದರು, ಜೋರು ಮಾತ್ರ ಹಾಗೇ ಇತ್ತು.

“ಭಾನುವಾರ ಯಾರು ಹೇಳ್ತಾರೆ ನಿಮಗೆ?” ಎಂದು ಇವರನ್ನು ಕೇಳಿದರು.

“ಯಾರೂ ಇಲ್ಲ ಮೇಡಂ. ಸುಮ್ನೆ ಹಾಡು ಕೇಳ್ತೀನಿ.”

ಅವರು ನನ್ನ ಕಡೆ ತಿರುಗಿದರು. “ನೀನ್ಯಾಕೆ ಹೇಳಲ್ಲ?”

“ನಂಗೆ ನಿಮ್ಮ ಹಾಗೆ ಬರಲ್ಲ ಮೇಡಂ.”

“ಕಣ್ಣಿದೆ, ಬಾಯಿದೆ. ಇನ್ನೇನ್ ಬರ್ಬೇಕು?” ಎಂದರು. ಅಷ್ಟರಲ್ಲಿ ತಮ್ಮನ ಮಗಳು ಕಾಫಿ ತಂದಳು. ಕುಡಿದು ನೋಡಿ, ಬಲು ಗಟ್ಟಿಯಾಯಿತು, ನೀರು ಬೆರೆಸು ಎಂದರು.

ಅದಾದ ಮೂರು ವಾರಕ್ಕೆ ಅವರು ಹೋದರು. ಕಾರ್ಯದ ಊಟಕ್ಕೆ ನಮ್ಮ ಬೀದಿಯಿಂದ ತುಂಬ ಜನ ಕೆಂಗೇರಿಗೆ ಹೋಗಿದ್ದೆವು. ಮಾತು ಬಿಟ್ಟಿದ್ದ ಪಕ್ಕದ ಮನೆಯವರೂ ಬಂದಿದ್ದರು. ಆಕೆ ಊಟ ಮಾಡಲಾರದೆ ಎಲೆಯ ಮುಂದೆ ಕೂತು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಮುಂದಿನ ಭಾನುವಾರ ಊಟವಾದ ಮೇಲೆ ನಾನು ಪಾತ್ರೆಗಳನ್ನು ಹಾಗೇ ಬಿಟ್ಟು ಬಂದು ಸೋಫಾದ ಮೇಲೆ ಕೂತೆ. ಸಿನಿಮಾ ಹಾಕಿದೆ. ಹೇಳಲು ಶುರುಮಾಡಿದೆ. ಪಾತ್ರಗಳ ಮಾತಿನ ಮೇಲೆಯೇ ನನ್ನ ಮಾತು ಬಿತ್ತು. ಕಾರಿನ ಬಣ್ಣ, ಮನೆಯ ಬಾಗಿಲು, ಗೋಡೆಯ ಮೇಲಿನ ಫೋಟೋ ಎಲ್ಲ ಹೇಳಿ, ಯಾರು ಯಾರನ್ನು ಹೊಡೆದರೆಂದು ಹೇಳುವುದನ್ನೇ ಮರೆತೆ.

“ನಿಧಾನ ಕಣೇ,” ಎಂದರು ಇವರು. “ಎಲ್ಲಾ ಹೇಳ್ಬೇಡ. ನಿನ್ ಕಣ್ಣಿಗೆ ಬಿದ್ದಿದ್ದು ಹೇಳು.”

ನಿಧಾನ ಮಾಡಿದೆ. ಸ್ವಲ್ಪ ಹೊತ್ತಿಗೆ ಹಿಡಿತ ಸಿಕ್ಕಿತು. ಹಿಂದಿನ ಸ್ಪೀಕರಿನಲ್ಲಿ ಪಾರಿವಾಳಗಳು ರೆಕ್ಕೆ ಬಡಿದವು, ಮುಂದೆ ಒಂದು ಹೆಂಗಸು ಕನ್ನಡಿಯೆದುರು ಬಂದು ನಿಂತಳು.

“ತಲೆ ಬಾಚ್ತಾ ಇದಾಳೆ,” ಎಂದೆ. “ಏನೋ ಯೋಚನೆ ಮಾಡ್ತಾ.”

“ವಯಸ್ಸೆಷ್ಟಿರಬಹುದು?”

“ಹೆಚ್ಚುಕಮ್ಮಿ ನನ್ನಷ್ಟು.”

ಇವರು ನನ್ನ ಕಡೆ ಮುಖ ತಿರುಗಿಸಿ, “ನೀನು ಈಗ ಹೇಗಿದೀಯ?” ಎಂದರು.

“ಚೆನ್ನಾಗೇ ಇದೀನಲ್ಲ. ಯಾಕೆ?”

“ಅದಲ್ಲ. ನೋಡೋಕೆ. ನಾನು ನೋಡಿ ವರ್ಷಗಳಾಯ್ತಲ್ಲ.”

ನಾನು ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿದೆ. ಐದೂ ಸ್ಪೀಕರ್ ಸುಮ್ಮನಾದವು.

“ಮುಂದಿನ ಕೂದಲೆಲ್ಲ ಬೆಳ್ಳಗಾಗಿದೆ. ಬಣ್ಣ ಹಚ್ಚೋದು ಬಿಟ್ಬಿಟ್ಟೆ. ಕನ್ನಡಕ ಬಂದಿದೆ, ಕಪ್ಪು ಫ್ರೇಮು. ಸ್ವಲ್ಪ ದಪ್ಪ ಆಗಿದೀನಿ.”

“ಸ್ವಲ್ಪ ಅಂದ್ರೆ?”

“ಹಳೇ ರವಿಕೆ ಒಂದೂ ಆಗಲ್ಲ.”

ಇವರು ನಕ್ಕರು. ಕೈ ಮುಂದೆ ಮಾಡಿ ನನ್ನ ಕನ್ನಡಕದ ಅಂಚನ್ನು ಬೆರಳಲ್ಲಿ ಸವರಿ ನೋಡಿದರು.

“ಇನ್ನೂ ಹೇಳು,” ಎಂದರು.